ಇಬ್ಬರಿಗೇ ಆಗುವ ಮಾತು

ಏಪ್ರಿಲ್ ತಿಂಗಳ ಗಾಳಿಯನ್ನು ನಂಬಬಾರದೆಂದು ನಾರ್ವೆಯ ಉತ್ತರ ತುದಿಯ ಜೇಗೆಲ್ವಾರಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಬೆಳಿಗ್ಗೆ ಬಿಸಿಲು ತೋರಿಸಿ, ಹಿಮಸಾರಂಗಗಳನ್ನೂ ಅವುಗಳ ಹಿಂದೆ ಹೋಗುವ ಮನುಷ್ಯರನ್ನೂ ಬಯಲಿಗೆ ಕರೆಯುತ್ತದೆ. ಎಲ್ಲರೂ ಹೊರಗೆ ಬಂದರು ಅಂದಮೇಲೆ ಬಾಗಿಲು ಹಾಕಿಕೊಂಡು ಬಿಡುತ್ತದೆ. ಸುನ್ನಾಳ ಅಜ್ಜಿಯ ಕತೆಗಳಲ್ಲಿ ಇಂಥ ಗಾಳಿಯೊಳಗೆ ಸ್ತಾಲ್ಲು ಎಂಬ ದಡ್ಡ ರಾಕ್ಷಸ ತಿರುಗಾಡುತ್ತಿದ್ದ. ಅವನಿಗೆ ಮನುಷ್ಯರ ವಾಸನೆ ಹತ್ತುತ್ತಿತ್ತು, ಲೆಕ್ಕ ಮಾತ್ರ ಬರುತ್ತಿರಲಿಲ್ಲ. ಚೀಲದಲ್ಲಿ ಎಷ್ಟು ಮಕ್ಕಳನ್ನು ಹಾಕಿಕೊಂಡೆ ಅಂತ ಎಣಿಸಲು ಹೋಗಿ, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುವಷ್ಟರಲ್ಲಿ ಮಕ್ಕಳು ಚೀಲ ಹರಿದುಕೊಂಡು ಓಡಿಹೋಗುತ್ತಿದ್ದರು.

ಆ ಮಧ್ಯಾಹ್ನ ಸುನ್ನಾ ಕತೆಯ ಧ್ಯಾನದಲ್ಲಿರಲಿಲ್ಲ. ಊರಿನ ರಕ್ಷಣಾ ಕೇಂದ್ರದ ಕೋಣೆಯಲ್ಲಿ, ಗೋಡೆಯ ತುಂಬ ಹರಡಿದ ಬಯಲಿನ ನಕ್ಷೆಯ ಕೆಳಗೆ, ತನ್ನ ಕಂಪ್ಯೂಟರಿನ ಮುಂದೆ ಉಗುರು ಕಚ್ಚುತ್ತ ಕೂತಿದ್ದಳು. ಅವಳು ಕಟ್ಟಿದ ಯಂತ್ರಕ್ಕೆ ಅದು ಪರೀಕ್ಷೆಯ ವಾರ. ಬಯಲಿನಿಂದ ಜನ ತಮ್ಮ ನೆಲದ ಹಳೆಯ ನುಡಿಯಾದ ಸಾಮಿ ಭಾಷೆಯಲ್ಲಿ ಹೇಳಿ ಕಳಿಸಿದ್ದನ್ನು ಯಂತ್ರ ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡದ್ದನ್ನು ನಾರ್ವೇಜಿಯನ್ನಿನಲ್ಲಿ ಬರೆದು ತೋರಿಸಬೇಕು. ಕೇಂದ್ರದ ಮುಖ್ಯಸ್ಥ ಓದ್ವಾರ್ ದಕ್ಷಿಣದ ಕರಾವಳಿಯವನು. ಇಲ್ಲಿಗೆ ಬಂದು ತಲೆ ನರೆತರೂ ಅವನ ಸಾಮಿ ಭಾಷೆ 'ಕಾಫಿ' ಮತ್ತು 'ಥ್ಯಾಂಕ್ಸ್' ದಾಟಿರಲಿಲ್ಲ. ಸಾಮಿ ಬಲ್ಲ ಹುಡುಗರೆಲ್ಲ ಹುಡುಕಾಟಕ್ಕೆಂದು ಬಯಲಿಗೆ ಹೋದರೆ ಕೋಣೆಯಲ್ಲಿ ಉಳಿಯುವವನು ಅವನೇ. ಅದಕ್ಕೇ ಈ ಯಂತ್ರ.

ಹುಡುಗರು ಆಗಲೇ ಹೋಗಿಯೂ ಆಗಿತ್ತು. ಬೆರಿತ್ ಎಂಬಾಕೆ ಫೋನು ಮಾಡಿದ್ದಳು. ಅವಳ ಗಂಡ ಕ್ಲೆಮೆತ್, ಗಂಡನ ಅಣ್ಣ ಹೇಯ್ಕಾ, ಮಗಳು ಕಿರ್ಸ್ತೆ, ಮೂವರೂ ಹಿಂಡಿನಿಂದ ತಪ್ಪಿಸಿಕೊಂಡ ಸಾರಂಗಗಳನ್ನು ತರಲು ತಮ್ಮ ತಮ್ಮ ಹಿಮದ ಸ್ಕೂಟರ್ ಹತ್ತಿ ಬೆಳಿಗ್ಗೆ ಹೋದವರು, ಊಟದ ಹೊತ್ತಿಗೆ ಬರಬೇಕಿತ್ತು. ಬಂದಿಲ್ಲ. ಫೋನು ಸಿಗುತ್ತಿಲ್ಲ. ಕಿಟಕಿಯಾಚೆ ಎದುರಿನ ಮನೆಯೂ ಕಾಣದಷ್ಟು ಹಿಮ ಹಾರುತ್ತಿದೆ. ರಕ್ಷಣಾ ತಂಡದ ಇಸ್ಸಾತ್ ತನ್ನ ಜೊತೆಗಾರರನ್ನು ಕಟ್ಟಿಕೊಂಡು, ಕಣ್ಣಿಗೆ ಕನ್ನಡಕ ಬಿಗಿದು ಹೊರಟುಹೋದ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಯಂತ್ರಕ್ಕೆ ಹೇಳು ತಾಯಿ, ನಾನು ಬೈದದ್ದನ್ನೆಲ್ಲ ಅನುವಾದ ಮಾಡ್ಬೇಡ ಅಂತ. ಓದ್ವಾರ್ ಪಾಪ ಕರಾವಳಿಯವನು, ತಡ್ಕೊಳ್ಳಲ್ಲ," ಎಂದು ನಕ್ಕಿದ್ದ.

ಆಮೇಲೆ ಕೋಣೆಯಲ್ಲಿ ನಗು ಇರಲಿಲ್ಲ. ರೇಡಿಯೋದಲ್ಲಿ ಆಗಾಗ ಇಸ್ಸಾತ್‌ನ ದನಿ, ಅದರ ಹಿಂದೆ ಗಾಳಿಯ ಹುಯಿಲು. ಓದ್ವಾರ್ ನಕ್ಷೆಯ ಮುಂದೆ ಹೋಗುತ್ತಿದ್ದ, ಬರುತ್ತಿದ್ದ.

ಆಗ ಸುನ್ನಾಳ ಪರದೆಯ ಮೇಲೆ ಹಸಿರು ಚುಕ್ಕಿ ಹತ್ತಿಕೊಂಡಿತು. ಧ್ವನಿಸಂದೇಶ. ಹೇಯ್ಕಾನ ನಂಬರು.

ಕೇಳಿದರೆ ಬರಿಯ ಗಾಳಿ. ಯಾರೋ ತಗಡನ್ನು ಕಲ್ಲಿನ ಮೇಲೆ ಎಳೆದಂತೆ, ಅದರ ನಡುವೆ ಎಲ್ಲೋ ಮನುಷ್ಯನ ಗಂಟಲಿನ ಒಂದು ಎಳೆ. ಓದ್ವಾರ್ ಕೈ ಚೆಲ್ಲಿದ. ಆದರೆ ಯಂತ್ರ ಕೆಲಸ ಶುರು ಮಾಡಿತ್ತು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಗಾಳಿಯಿಂದ ಮಾತನ್ನು ಆರಿಸಿ, ಜೋಡಿಸಿ, ಒಂದೊಂದೇ ಸಾಲನ್ನು ತೆರೆಯ ಮೇಲೆ ಇಟ್ಟಿತು.

'ನಾವು ಗುಡಿಸಲಿನಲ್ಲಿದ್ದೇವೆ. ಏನೂ ತೊಂದರೆ ಇಲ್ಲ. ಗಾಳಿ ನಿಂತ ಮೇಲೆ ಬರುತ್ತೇವೆ.'

ಓದ್ವಾರ್ ಎರಡು ಸಲ ಓದಿದ. ಆಮೇಲೆ ಮಗುವಿನಂತೆ ಚಪ್ಪಾಳೆ ತಟ್ಟಿಬಿಟ್ಟ. "ಹುಡುಗೀ! ನಿನ್ನ ಬಾಯಿಗೆ ಬೆಣ್ಣೆ ಹಾಕ! ಇದು ನಂಗೆ ಬರೀ ತಗಡಿನ ಸದ್ದು ಕೇಳಿಸ್ತಲ್ಲೇ!"

"ಯಂತ್ರದ ಬಾಯಿಗೆ ಹಾಕಿ," ಎಂದಳು ಸುನ್ನಾ. ಮುಖ ಕೆಂಪಾಗಿತ್ತು. ಅವಳ ಕಾಲು ನೆಲದ ಮೇಲಿರಲಿಲ್ಲ.

ಓದ್ವಾರ್ ರೇಡಿಯೋ ಎತ್ತಿಕೊಂಡು ಇಸ್ಸಾತ್‌ನ ತಂಡವನ್ನು ವಾಪಸು ಕರೆದ. ಇಂಥ ಗಾಳಿಯಲ್ಲಿ ಹುಡುಕುವವರೇ ಕಳೆದುಹೋದದ್ದು ಹಿಂದೆ ನಡೆದದ್ದಿದೆ; ಬೇಡದ ಕೆಲಸಕ್ಕೆ ಒಂದು ನಿಮಿಷವೂ ಅವರನ್ನು ಹೊರಗಿಡುವ ಹಾಗಿಲ್ಲ. ಬೆರಿತ್‌ಗೆ ಫೋನು ಮಾಡಿ, "ಎಲ್ಲಾ ಗುಡಿಸಲಲ್ಲಿ ಬೆಚ್ಚಗಿದಾರೆ, ನೀನು ಅಡುಗೆ ಮಾಡ್ಕೊಂಡು ಆರಾಮಾಗಿರು," ಎಂದ. ಅತ್ತ ಬೆರಿತ್ ಉಸಿರು ಬಿಟ್ಟದ್ದು ಸುನ್ನಾಳಿಗೂ ಕೇಳಿಸಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಓದ್ವಾರ್ ಪಕ್ಕದ ಅಡುಗೆ ಕೋಣೆಗೆ ಹೋಗಿ ವಾಫಲ್ ಕಾವಲಿ ಬಿಸಿಗಿಟ್ಟ. ಸಂತೋಷವಾದರೆ ವಾಫಲ್ ಹುಯ್ಯುವುದು ಅವನ ಪದ್ಧತಿ. ದುಃಖವಾದರೂ ಅದೇ.

ಸೋಮವಾರ ದೊಡ್ಡವರ ಸಭೆ ಇತ್ತು. ಯಂತ್ರವನ್ನು ಇಡೀ ಜಿಲ್ಲೆಗೆ ಹಾಕುವುದೋ ಬೇಡವೋ ಎಂದು ಅಲ್ಲಿ ತೀರ್ಮಾನ. ಈ ಸಂದೇಶವನ್ನು ಅಲ್ಲಿ ಕೇಳಿಸಬೇಕು, ಮೊದಲು ಗಾಳಿ, ಆಮೇಲೆ ಮಾತು, ಆಮೇಲೆ ಅನುವಾದ, ಎಂದುಕೊಂಡು ಸುನ್ನಾ ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರ ಗಾಳಿ ಸೋಸಿ ಕೊಟ್ಟ ದನಿಯನ್ನು ಮೊದಲ ಸಲ ಕೇಳಿದಳು. ಕೆಲಸಕ್ಕಿಂತ ಹೆಚ್ಚಾಗಿ ಆಸೆಗೆ. ತನ್ನ ಮಗು ಆಡಿದ ಮಾತನ್ನು ತಾನೇ ಇನ್ನೊಮ್ಮೆ ಕೇಳಬೇಕೆನ್ನುವ ತಾಯಿಯ ಹಾಗೆ.

ಹೇಯ್ಕಾ ಅವಸರವಿಲ್ಲದ ಮನುಷ್ಯ, ಅವನ ಮಾತೂ ಹಾಗೇ.

'ಲೆಟ್ನೆ ಸ್ತೋಬುಸ್...'

ಸ್ತೋಬುಸ್, ಗುಡಿಸಲಲ್ಲಿ. ಸುನ್ನಾ ನಿಲ್ಲಿಸಿದಳು. ಹಿಂದಕ್ಕೆ ತಂದಳು. ಮತ್ತೆ ಕೇಳಿದಳು.

ಲೆಟ್ನೆ.

ಆ ಪದ ಅವಳ ಕಿವಿಗಿಂತ ಮೊದಲು ಅವಳ ಚರ್ಮಕ್ಕೆ ತಿಳಿಯಿತು. ಬೇಸಿಗೆ ರಜೆಗೆ ಹೋದಾಗ ಅಜ್ಜಿ ಅವಳನ್ನು ಸಾರಂಗದ ತೊಗಲಿನೊಳಗೆ ಸೇರಿಸಿಕೊಂಡು, ತೊಗಲನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು, 'ಈಗ ನಾವಿಬ್ಬರೇ ಇದ್ದೇವೆ' ಎಂದು ಕತೆ ಶುರು ಮಾಡುತ್ತಿದ್ದಳು. ಆ 'ನಾವಿಬ್ಬರೇ ಇದ್ದೇವೆ' ಎನ್ನುವುದಷ್ಟಕ್ಕೂ ಅಜ್ಜಿಯ ಭಾಷೆಯಲ್ಲಿ ಒಂದೇ ಪದ ಸಾಕು: ಲೆಟ್ನೆ. ಮೂರನೆಯವರೊಬ್ಬರು, ತಮ್ಮನೋ ಬೆಕ್ಕೋ, ತೊಗಲಿನೊಳಗೆ ನುಸುಳಿದರೆ ಆ ಪದ ಮುರಿದುಹೋಗುತ್ತದೆ. ಬೇರೆ ಪದ ಬೇಕಾಗುತ್ತದೆ. ಶಾಲೆಯಲ್ಲಿ ಸಂಸ್ಕೃತ ಓದಿದವರು ದ್ವಿವಚನ ಎಂದು ಬಾಯಿಪಾಠ ಮಾಡಿ ಮರೆತಿರುತ್ತಾರಲ್ಲ, ಅದೇ. ಇಲ್ಲಿ ಮಾತ್ರ ಅದು ಪಾಠದಲ್ಲಿಲ್ಲ, ಒಲೆಯ ಮುಂದೆ ಇದೆ. ಕಾಫಿ ಬಸಿಯುವಾಗ, ಜಗಳವಾಡುವಾಗ, ಮುತ್ತು ಕೊಡುವಾಗ ಇಬ್ಬರೆಂದರೆ ಇಬ್ಬರೇ.

ಹೋದವರು ಮೂವರು.

ಸುನ್ನಾ ಮುಂದಿನ ಸಾಲನ್ನು ಕೇಳಿದಳು. 'ಬರುತ್ತೇವೆ' ಎನ್ನುವಲ್ಲಿಯೂ ಇಬ್ಬರೇ ಬರುತ್ತಿದ್ದರು. ತೆರೆಯ ಮೇಲಿನ ನಾರ್ವೇಜಿಯನ್ ನೋಡಿದಳು. ಒಂದಕ್ಷರ ತಪ್ಪಿರಲಿಲ್ಲ. 'ನಾವು' ಸರಿಯಾಗಿಯೇ ಇತ್ತು. ನಾರ್ವೇಜಿಯನ್ನಿನಲ್ಲಿ ಇಬ್ಬರಾದರೂ ನಾವೇ, ಇಡೀ ಊರಾದರೂ ನಾವೇ. ಮೂರನೆಯವರು ಬಿದ್ದುಹೋದದ್ದು ಸರಿಯಾದ ಆ ಪದದೊಳಗೇ.

ಆದರೆ ಅವಳಿಗೆ ತನ್ನ ಕಿವಿಯ ಮೇಲೆ ನಂಬಿಕೆಯಿರಲಿಲ್ಲ. ಅವಳ ಅಮ್ಮ ಚಿಕ್ಕವಳಿದ್ದಾಗ ಶಾಲೆಯಲ್ಲಿ ಈ ಭಾಷೆ ಆಡಿ ಪೆಟ್ಟು ತಿಂದವಳು. ಮಗಳಿಗೆ ಅದನ್ನು ಕೊಡಲೇ ಇಲ್ಲ. ಸುನ್ನಾಳಿಗೆ ಬಂದದ್ದು ಅಜ್ಜಿಯ ಬೇಸಿಗೆಗಳಿಂದ ಒಂದಿಷ್ಟು, ದೊಡ್ಡವಳಾದ ಮೇಲೆ ತರಗತಿಯಲ್ಲಿ ಕೂತು ಒಂದಿಷ್ಟು. ಈಗಿನ ಹುಡುಗರು ಎಷ್ಟೋ ಸಲ ಇಬ್ಬರಿಗೂ ಹಲವರಿಗೂ ಒಂದೇ ರೂಪ ಬಳಸಿಬಿಡುತ್ತಾರೆ ಎಂದೂ ಕೇಳಿದ್ದಳು. ಹೇಯ್ಕಾನೂ ಬಾಯಿ ತಪ್ಪಿ ಹಾಗೆ ಹೇಳಿರಬಹುದಲ್ಲ? ತನ್ನ ಅರ್ಧಂಬರ್ಧ ಕಿವಿಯನ್ನು ನಂಬಿ ಇಸ್ಸಾತ್‌ನನ್ನೂ ಅವನ ಜೊತೆಗಾರರನ್ನೂ ಮತ್ತೆ ಆ ಬಿಳಿಯ ಬಾಯೊಳಗೆ ನೂಕಲು ಹೇಳುವುದೆ? ಅವರಲ್ಲೊಬ್ಬ ವಾಪಸು ಬರದಿದ್ದರೆ?

ಅಡುಗೆ ಕೋಣೆಯಿಂದ ವಾಫಲ್ಲಿನ ಏಲಕ್ಕಿ ವಾಸನೆ ಬಂತು.

ಅವಳು ರೌನಾಳಿಗೆ ಫೋನು ಮಾಡಿದಳು.

ರೌನಾ ಅವಳ ಮೇಲಿನವಳು, ಭಾಷೆ ಮತ್ತು ಕಂಪ್ಯೂಟರಿನ ಸಂಶೋಧನಾ ಗುಂಪಿನ ಯಜಮಾನಿ. ಊರಿನ ಅರ್ಧ ಜನಕ್ಕೆ ಒಂದಲ್ಲ ಒಂದು ಲೆಕ್ಕದಲ್ಲಿ ದೊಡ್ಡಮ್ಮನಾಗುವುದರಿಂದ ಸುನ್ನಾಳೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ರಾಶಿ ರಾಶಿ ಮಾತು ನುಂಗಿ ತಾನೇ ಕಲಿಯುವ ಯಂತ್ರಗಳು ಬರುವುದಕ್ಕಿಂತ ಎಷ್ಟೋ ಹಿಂದೆ, ಭಾಷೆಯ ಒಂದೊಂದು ಪದವೂ ಹೇಗೆ ಬಾಗುತ್ತದೆ, ಎಲ್ಲಿ ಅಕ್ಷರ ಸಪುರವಾಗುತ್ತದೆ, ಎಲ್ಲಿ ದಪ್ಪವಾಗುತ್ತದೆ ಎಂದು ಕೈಯಾರೆ ನಿಯಮ ಬರೆದು ಕಂಪ್ಯೂಟರಿಗೆ ಕಲಿಸಿದವಳು. ಇವತ್ತು ಊರಿನ ಮಕ್ಕಳ ಫೋನಿನಲ್ಲಿ ಸಾಮಿ ಕಾಗುಣಿತ ತಿದ್ದುವುದು ಅವಳ ಆ ನಿಯಮಗಳೇ. ಸಮ್ಮೇಳನಗಳಲ್ಲಿ ಅವಳ ಕೆಲಸವನ್ನು ಜನ 'ಕೈಮಗ್ಗ' ಎಂದು ನಗೆಯಾಡುತ್ತಿದ್ದುದನ್ನು ಸುನ್ನಾ ಕೇಳಿದ್ದಳು. ಒಮ್ಮೆ ತಾನೂ ನಕ್ಕಿದ್ದಳು.

ಆ ಹೊತ್ತಿಗೆ ರೌನಾ ರಸ್ತೆಯಾಚೆಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

"ದೊಡ್ಡಮ್ಮಾ, ಒಂದು ದನಿ ಕೇಳಿಸ್ತೀನಿ. ನಾನೇನೂ ಹೇಳಲ್ಲ. ಬರೀ ಕೇಳಿ."

ಕೇಳಿಸಿದಳು. ಅತ್ತ ಮಕ್ಕಳ ಗಲಾಟೆ, ಆಮೇಲೆ ಬಾಗಿಲು ಹಾಕಿದ ಸದ್ದು.

"ಇನ್ನೊಂದ್ಸಲ," ಎಂದಳು ರೌನಾ. ಮತ್ತೆ ಕೇಳಿದಳು. "ನಿಂಗೇನು ಕೇಳಿಸ್ತು?"

"ನಂಗೆ... ದೊಡ್ಡಮ್ಮಾ, ನನ್ನ ಸಾಮಿ ನಿಮಗೆ ಗೊತ್ತಲ್ಲ—"

"ನಿನ್ನ ಸಾಮಿ ಹೇಗಿದೆ ಅಂತ ಕೇಳ್ಲಿಲ್ಲ ಮಗಳೇ. ಏನು ಕೇಳಿಸ್ತು?"

"ಲೆಟ್ನೆ. ಇಬ್ಬರು."

"ಹೋದವರೆಷ್ಟು?"

"ಮೂರು."

ಫೋನು ಕಟ್ಟಾಯಿತು. ರೌನಾ ಕೋಟಿಗೆ ಗುಂಡಿ ಕೂಡ ಹಾಕದೆ, ಹಿಮದಲ್ಲಿ ರಸ್ತೆ ದಾಟಿ ಬಂದು ಬಾಗಿಲು ತೆರೆಯುವ ಹೊತ್ತಿಗೆ ಓದ್ವಾರ್ ತಟ್ಟೆಯಲ್ಲಿ ವಾಫಲ್ ಹಿಡಿದು ಬರುತ್ತಿದ್ದ.

"ಬಾ ರೌನಾ, ಸರಿಯಾದ ಹೊತ್ತಿಗೆ ಬಂದೆ! ನಿನ್ನ ಹುಡುಗಿ ಇವತ್ತು—"

"ತಟ್ಟೆ ಕೆಳಗಿಡು ಓದ್ವಾರ್. ಒಬ್ಬರು ಹೊರಗಿದಾರೆ."

ಹೇಳಬೇಕಾದವಳು ತಾನು ಎಂದು ಸುನ್ನಾಳಿಗೆ ಗೊತ್ತಿತ್ತು. ರೌನಾ ಕೂಡ ಮುಂದೆ ಮಾತಾಡದೆ ಅವಳ ಕಡೆ ನೋಡಿದಳು. ಸುನ್ನಾ ಹೇಳಿದಳು.

ಓದ್ವಾರ್ ತೆರೆಯತ್ತ ಬೆರಳು ಮಾಡಿದ. "ಇಲ್ಲಿ ನೋಡು, ನಾವು ಅಂತ ಬಂದಿದೆ. ಖಾತ್ರಿ ಎಷ್ಟು ಅಂತ ಪಕ್ಕದಲ್ಲೇ ತೋರಿಸ್ತಿದೆ, ಹೆಚ್ಚೂಕಡಿಮೆ ಪೂರ್ತಿ ನೂರು. ನೀನೇ ತಾನೆ ಹೇಳಿದ್ದು, ತೊಂಬತ್ತರ ಮೇಲಿದ್ರೆ ಕಣ್ಮುಚ್ಚಿ ನಂಬಿ ಅಂತ?"

"ನಾನೇ ಹೇಳಿದ್ದು. ಆದ್ರೆ ಯಂತ್ರಕ್ಕೆ ಖಾತ್ರಿ ಇರೋದು ನಾರ್ವೇಜಿಯನ್ನಿನ ಮೇಲೆ. ನಾರ್ವೇಜಿಯನ್ನಿನಲ್ಲಿ ಇದನ್ನ ಇಡೋಕೆ ಜಾಗಾನೇ ಇಲ್ಲ."

"ಒಂದು ಪದಕ್ಕೆ ಏಳು ಜನಾನ ಬಿರುಗಾಳಿಗೆ ಕಳಿಸ್ಲಾ? ಹೇಯ್ಕಾ ಬಾಯ್ತಪ್ಪಿ ಅಂದಿದ್ರೆ?"

"ಹೇಯ್ಕಾ?" ಎಂದಳು ರೌನಾ. "ಹೆಂಡತಿ ಸತ್ತ ಮೇಲೂ ಒಂದು ವರ್ಷ ಅವನ ಬಾಯಲ್ಲಿ ಒಂಟಿ ರೂಪ ಬರ್ಲಿಲ್ಲ. ಇಬ್ಬರು ಅಂತಾನೇ ಅಂತಿದ್ದ. ಅವನಿಗೆ ಇಬ್ಬರು ಅಂದ್ರೆ ಯಾರ್ಯಾರು ಅಂತ ಚೆನ್ನಾಗಿ ಗೊತ್ತು."

"ಮೂರನೆಯವರು ಹೊರಗಿದ್ರೆ ತೊಂದರೆ ಇಲ್ಲ ಅಂತ ಯಾಕಂತಾನೆ ಹಾಗಾದ್ರೆ?"

ಕೇಳಿದ ಮೇಲೆ ಆ ಪ್ರಶ್ನೆ ಓದ್ವಾರ್‌ನನ್ನೇ ಚುಚ್ಚಿತು. ಒಳ್ಳೆಯ ಮನುಷ್ಯನ ಲಕ್ಷಣ ಅಲ್ಲೇ ಕಾಣುತ್ತದೆ: ವಾದ ಗೆಲ್ಲುವುದನ್ನು ಬಿಟ್ಟು ಫೋನು ಎತ್ತಿಕೊಂಡ. ಹೇಯ್ಕಾನ ನಂಬರು ಸಿಗಲಿಲ್ಲ, ಬೆರಿತ್‌ಗೆ ಮಾಡಿದ.

"ಬೆರಿತ್, ಒಂದು ಮಾತು. ಕಿರ್ಸ್ತೆ ಮನೇಲಿದಾಳಾ?"

ಬೆರಿತ್‌ಳ ಉತ್ತರ ಫೋನಿನಿಂದ ಆಚೆಗೂ ಕೇಳಿಸಿತು. "ಏನು ಕೇಳ್ತಿದೀಯ? ಎಲ್ಲಾ ಗುಡಿಸಲಲ್ಲಿದಾರೆ ಅಂತ ನೀನೇ ಹೇಳಿದ್ದಲ್ವಾ?"

ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲೇ ಮನೆಗೆ ಕಳಿಸುವುದಾದರೆ ಹುಡುಗಿಯನ್ನೇ: ಕಿರ್ಸ್ತೆ ಗಾಳಿ ಏಳುವ ಮುಂಚೆ ಮನೆಯ ಕಡೆ ತಿರುಗಿದ್ದಾಳೆ. ತಲುಪಿರುತ್ತಾಳೆ ಎಂದು ಅಪ್ಪ, ದೊಡ್ಡಪ್ಪ ನೆಮ್ಮದಿಯಿಂದ ಒಲೆ ಹಚ್ಚಿಕೊಂಡು ಕೂತಿದ್ದಾರೆ. ಅವರ ಜೊತೆಯಲ್ಲೇ ಇದ್ದಾಳೆ ಎಂದು ಅಮ್ಮ ನೆಮ್ಮದಿಯಿಂದ ಒಲೆ ಹಚ್ಚಿಕೊಂಡು ಕೂತಿದ್ದಾಳೆ. ಎರಡು ಬೆಚ್ಚನೆಯ ಒಲೆಗಳ ನಡುವಿನ ಬಿಳಿಯಲ್ಲಿ ಹುಡುಗಿ ಒಬ್ಬಳೇ.

ಓದ್ವಾರ್ ರೇಡಿಯೋ ಹಿಡಿದ. ಇಸ್ಸಾತ್‌ನ ತಂಡ ಅರ್ಧ ದಾರಿ ವಾಪಸು ಬಂದಿತ್ತು. ಹೇಯ್ಕಾನ ಮಾತನ್ನು ಅವನಿಗೆ ಸಾಮಿಯಲ್ಲಿ ಹೇಳಿದವಳು ರೌನಾ. ಅತ್ತಲಿಂದ ಒಂದು ಬೈಗುಳ ಬಂತು. ಯಂತ್ರ ಅದನ್ನು ನಾರ್ವೇಜಿಯನ್ನಿಗೆ ತಿರುಗಿಸಿ ತೆರೆಯ ಮೇಲೆ ಶ್ರದ್ಧೆಯಿಂದ ಬರೆಯಿತು. ಯಾರೂ ನಗಲಿಲ್ಲ.

"ಒಬ್ಬಳೇ ತಿರುಗಿದಾಳೆ ಅಂದ್ರೆ ಸುಮ್ಮನೆ ತಿರುಗಿಲ್ಲ," ಎಂದ ಇಸ್ಸಾತ್, ಗಾಳಿಯನ್ನು ಮೀರಿ ಕೂಗುತ್ತ. "ಗಬ್ಬದ ಸಾರಂಗ ಸಿಕ್ಕಿರ್ಬೇಕು. ಅದನ್ನ ಹೊಡ್ಕೊಂಡು ಬರೋರು ಗುರುತಿನ ಕಂಬ ನೆಟ್ಟ ದಾರಿ ಹಿಡಿಯಲ್ಲ, ಬರ್ಚ್ ಮರದ ಕಣಿವೆ ಹಿಡೀತಾರೆ. ಗಾಳಿಗೆ ಮರೆ. ನಾವು ಕಣಿವೆಗೆ ಇಳೀತೀವಿ."

"ಹುಷಾರು," ಎಂದ ಓದ್ವಾರ್.

"ಹುಷಾರಾಗಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ದೆ," ಎಂದು ಇಸ್ಸಾತ್ ಮಾತು ನಿಲ್ಲಿಸಿದ.

ಕಾಯುವುದು ಉಳಿಯಿತು. ಬೆರಿತ್ ಬಂದಳು, ಶಾಲು ಬಿಚ್ಚದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಓದ್ವಾರ್ ಅವಳ ಕೈಗೆ ಕಾಫಿ ಕೊಟ್ಟ, ಅವಳು ಅದನ್ನು ಕುಡಿಯದೆ ಹಿಡಿದುಕೊಂಡಳು. ತಾನು 'ಆರಾಮಾಗಿರು' ಎಂದದ್ದಕ್ಕೆ ಅವನು ಏನೋ ಹೇಳಲು ಹೋದ. "ನೀನೇನು ಮಾಡ್ತೀಯಪ್ಪ," ಎಂದಳು ಬೆರಿತ್, "ನಂಗೆ ಆ ದನಿ ಕೇಳಿಸಿದ್ದಿದ್ರೆ ಆಗ್ಲೇ ಹೇಳ್ತಿದ್ದೆ." ಬೈದದ್ದಲ್ಲ. ಬೈದಿದ್ದರೆ ಸುನ್ನಾಳಿಗೆ ಇಷ್ಟು ನೋಯುತ್ತಿರಲಿಲ್ಲ.

ಅವಳು ಎದ್ದು ಕಿಟಕಿಯ ಬಳಿ ಹೋದಳು. ರೌನಾ ಹಿಂದೆಯೇ ಬಂದಳು. ಹೊರಗೆ ಬೆಳಕಿತ್ತು, ಆದರೆ ಬೆಳಕಿನಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ.

"ನಾನೇ ತೆಗೆದದ್ದು ದೊಡ್ಡಮ್ಮ," ಎಂದಳು ಸುನ್ನಾ, ಗಾಜಿಗೆ ಹೇಳುವಂತೆ. "ಯಂತ್ರ ಮೊದಮೊದಲು ಸರಿಯಾಗೇ ಬರೀತಿತ್ತು. 'ನಾವಿಬ್ಬರು' ಅಂತಾನೇ ಬರ್ತಿತ್ತು. ಆದ್ರೆ ಪರೀಕ್ಷೆಗೆ ಇಟ್ಕೊಂಡ ಮಾದರಿ ಅನುವಾದಗಳಲ್ಲಿ ಎಲ್ಲಾ ಕಡೆ ಬರೀ 'ನಾವು' ಅಂತ ಇದೆ. ಅದಕ್ಕೆ ಹೋಲಿಸಿದಾಗ ನನ್ನ ಯಂತ್ರದ್ದು ತಪ್ಪು ಅಂತ ಲೆಕ್ಕ. ಅಂಕ ಇಳೀತಿತ್ತು. ಓದೋರಿಗೂ ಅದು ವಿಚಿತ್ರ ಅನ್ನಿಸ್ತಿತ್ತು. ನೀವು ಹೇಳಿದ್ರಿ, ತಿಳೀದೇ ಇರೋ ಕಡೆ, ಇಡೋಕೆ ಜಾಗ ಇಲ್ಲದ ಕಡೆ ಅದು ನಿಂತು ಕೇಳ್ಲಿ ಅಂತ. ಮಾತಿಗೊಂದು ಪ್ರಶ್ನೆ ಕೇಳಿದ್ರೆ ಯಾರು ಬಳಸ್ತಾರೆ ಅಂತ ನಾನೇ ನಿಮ್ಮ ಹತ್ರ ಜಗಳ ಆಡಿದೆ. 'ಇಬ್ಬರು' ಕಿತ್ತು ಹಾಕಿದ ದಿನ ಅಂಕ ಏರ್ತು. ಅವತ್ತು ಕೇಕ್ ತಂದಿದ್ದೆ. ನೀವೂ ತಿಂದ್ರಿ."

"ಚೆನ್ನಾಗಿತ್ತು ಕೇಕು," ಎಂದಳು ರೌನಾ.

ಸುನ್ನಾಳಿಗೆ ಅಳು ಬಂತು.

"ಕೇಳಿಲ್ಲಿ. ಆ ಅಂಕ ಕೊಟ್ಟೋರು ಯಾರು? ಒಂದೇ ಭಾಷೆ ಬಲ್ಲೋರು. ಅವರ ತಕ್ಕಡೀಲಿ ನಮ್ಮ ಮಾತು ತೂಗಿದ್ರೆ ಅವರಿಗೆ ಬೇಡದ್ದೆಲ್ಲ ಹೆಚ್ಚುವರಿ ಭಾರ ಆಗಿ ಕಾಣತ್ತೆ. ಅದನ್ನ ನೀನೊಬ್ಳೇ ಕಲ್ತದ್ದಲ್ಲ, ಲೋಕದ ಅರ್ಧ ಪ್ರಯೋಗಶಾಲೆಗಳು ಹಾಗೇ ತೂಗ್ತಿವೆ. ತಕ್ಕಡಿ ಬದಲಾಯಿಸೋ ಕೆಲಸ ದೊಡ್ಡದು. ಅತ್ತು ಮುಗಿಸು, ಆಮೇಲೆ ಮಾಡೋಣ."

ರೌನಾ ದನಿ ತಗ್ಗಿಸಿದಳು. "ಈಗ ನಾನೊಂದು ಹೇಳ್ತೀನಿ. ಇಸ್ಸಾತ್ ಕಣಿವೆಗೆ ಇಳಿದ ಮೇಲೆ ಆ ಸಂದೇಶಾನ ನನ್ನ ಹಳೇ ಯಂತ್ರಕ್ಕೂ ಹಾಕಿ ನೋಡ್ದೆ. ಅದಕ್ಕೆ ಲೆಟ್ನೆ ಚೆನ್ನಾಗಿ ಗೊತ್ತು, ನಾನೇ ಕಲಿಸಿದ್ದು. ಏನು ಹೇಳ್ತು ಗೊತ್ತಾ? ಏನೂ ಇಲ್ಲ. ಖಾಲಿ. ಆ ಗಾಳೀಲಿ ಒಂದಕ್ಷರ ಹೆಕ್ಕೋಕೆ ಅದಕ್ಕಾಗ್ಲಿಲ್ಲ. ನಿನ್ನದು ಇಲ್ದಿದ್ರೆ ಸೋಸಿದ ಆ ದನಿ ನಿನ್ನ ಕಿವಿಗೆ ಬೀಳ್ತಾನೇ ಇರ್ಲಿಲ್ಲ, ನನ್ನ ಕಿವಿಗೂ."

ಸುನ್ನಾ ತಿರುಗಿ ಅವಳ ಮುಖ ನೋಡಿದಳು. ಇಡೀ ಆಯುಷ್ಯದ ಕೆಲಸವನ್ನು 'ಖಾಲಿ' ಎಂಬ ಒಂದು ಪದದಲ್ಲಿ ಹೇಳಿಬಿಟ್ಟ ಆ ಮುಖದಲ್ಲಿ ಕಹಿಯ ಗೆರೆಯೊಂದೂ ಇರಲಿಲ್ಲ. ಅಜ್ಜಿಯ ಕತೆಗಳಲ್ಲಿ ನೆಲದಡಿಯ ಜನ ಇರುತ್ತಿದ್ದರು. ಬೆಳ್ಳಿಯ ಕೊಂಬಿನ ಹಿಂಡುಗಳ ಒಡೆಯರು, ಕೇಳಿದವರಿಗೆ ಕೇಳಿದ್ದನ್ನು ಕೊಟ್ಟು ಹೆಸರು ಹೇಳದೆ ಹೋಗುವವರು. ಅವರು ಇದ್ದರೆ ಹೀಗೇ ಗುಂಡಿ ಹಾಕದ ಕೋಟಿನಲ್ಲಿ, ಕೂದಲಲ್ಲಿ ಹಿಮ ಕರಗಿಸಿಕೊಂಡು ನಿಂತಿರುತ್ತಾರೆ ಎಂದು ಸುನ್ನಾಳಿಗೆ ಅನ್ನಿಸಿತು.

ರೇಡಿಯೋ ಕರಕರ ಎಂದಿತು. ಬೆರಿತ್ ಕಾಫಿ ಕೆಳಗಿಟ್ಟು ಎದ್ದಳು.

ಗಾಳಿ, ಗಾಳಿ, ಎಂಜಿನ್ನಿನ ಸದ್ದು. ಯಾರದೋ ಅರ್ಧ ಮಾತು. ಎಲ್ಲರಿಗಿಂತ ಮೊದಲು ಮೈಕು ಹಿಡಿದದ್ದು ಓದ್ವಾರ್. ಹಿಡಿದವನು ತನ್ನ ಭಾಷೆಯಲ್ಲಿ ಕೇಳಲಿಲ್ಲ. ತೊದಲುತ್ತ, ಒಂದು ಅಕ್ಷರವನ್ನೂ ಸರಿಯಾದ ಜಾಗದಲ್ಲಿ ಒತ್ತದೆ, ಸಾಮಿಯಲ್ಲಿ ಕೇಳಿದ: "ಎಷ್ಟು ಜನ? ನೀವು ಎಷ್ಟು ಜನ ಇದೀರಿ?"

ಇದನ್ನು ಅವನು ಯಾವಾಗ ಕಲಿತ? ಸುನ್ನಾ ರೌನಾಳನ್ನು ನೋಡಿದಳು. ರೌನಾ ಮುಖ ಆಚೆ ತಿರುಗಿಸಿದಳು. ಕಾಫಿ ಮಾಡುವಾಗ ಅಡುಗೆ ಕೋಣೆಯಲ್ಲಿ ಹೇಳಿಸಿಕೊಂಡಿದ್ದನೆಂದು ಕಾಣುತ್ತದೆ.

ಅತ್ತ ಇಸ್ಸಾತ್ ನಗತೊಡಗಿದ. ಗಾಳಿಯ ನಡುವೆ ಆ ನಗು ನಾಯಿ ಬೊಗಳಿದ ಹಾಗಿತ್ತು.

"ಓದ್ವಾರ್, ಅದು ನೀನೇನಾ? ಎಂಟು ಜನ ಕಣೋ! ಹೋದದ್ದು ಏಳು, ಈಗ ಎಂಟು! ಕಣಿವೇಲಿ ಸ್ಕೂಟರು ತೊರೆಗೆ ಬಿದ್ದಿತ್ತು. ಹುಡುಗಿ ಜಾರುಬಂಡೀನ ಮಗುಚಿ ಹಾಕ್ಕೊಂಡು, ಹಿಮ ತೋಡ್ಕೊಂಡು, ಒಳಗೆ ನರಿ ಹಾಗೆ ಮಲಗಿದ್ಲು. ಬೆರಳು ಒಂಚೂರು ಬೆಳ್ಳಗಾಗಿದೆ. ಬಾಯಿ ಚೆನ್ನಾಗಿದೆ."

ಬಾಯಿ ಚೆನ್ನಾಗಿದ್ದುದಕ್ಕೆ ಸಾಕ್ಷಿ ತಕ್ಷಣವೇ ಬಂತು. "ಅಮ್ಮಾ!" ಎಂದು ಕಿರ್ಸ್ತೆ ಕೂಗಿದಳು. "ಸಾರಂಗ ತಪ್ಪಿಸ್ಕೊಂಡು ಹೋಯ್ತಮ್ಮಾ! ಅಷ್ಟು ದೂರ ಹೊಡ್ಕೊಂಡು ಬಂದಿದ್ದೆ! ಈ ಇಸ್ಸಾತ್ ಅದನ್ನ ಹುಡುಕಲ್ವಂತೆ, ನನ್ನ ಎತ್ಕೊಂಡು ಹೋಗ್ತಾನಂತೆ!"

"ಸಾಯ್ಲಿ ನಿನ್ನ ಸಾರಂಗ!" ಎಂದಳು ಬೆರಿತ್. ಅಂದವಳೇ ಶಾಲಿನಿಂದ ಮುಖ ಮುಚ್ಚಿಕೊಂಡಳು. ಬಯಲಿನಲ್ಲಿ ಹುಟ್ಟಿ ಬೆಳೆದ ಹೆಂಗಸು ಗಬ್ಬದ ಸಾರಂಗಕ್ಕೆ ಆ ಮಾತು ಆಡಿದ್ದನ್ನು ಅಲ್ಲಿ ಯಾರೂ ಮೊದಲು ಕೇಳಿರಲಿಲ್ಲ.

ಸೋಮವಾರದ ಸಭೆಯಲ್ಲಿ ಸುನ್ನಾ ಆ ಸಂದೇಶವನ್ನು ಕೇಳಿಸಿದಳು. ಮೊದಲು ಗಾಳಿ, ಆಮೇಲೆ ಮಾತು, ಆಮೇಲೆ ಅನುವಾದ. ಎಲ್ಲರೂ ತಲೆದೂಗಿದರು. ತಲೆದೂಗಿ ಮುಗಿದ ಮೇಲೆ ಅದರಲ್ಲಿ ಕಳೆದುಹೋದವಳ ಕತೆ ಹೇಳಿದಳು. ತಿಳಿಯದ ಕಡೆ ನಿಂತು ಪ್ರಶ್ನೆ ಕೇಳುವುದನ್ನು ಕಲಿಯುವ ತನಕ ಯಂತ್ರವನ್ನು ಜಿಲ್ಲೆಗೆ ಹಾಕುವುದು ಬೇಡ ಎಂದಳು. ದೊಡ್ಡ ಮೇಜಿನ ತುದಿಯಲ್ಲಿದ್ದ ಒಬ್ಬರು, "ಒಂದು ಪದ ತಾನೆ, ವಾರದಲ್ಲಿ ಸರಿ ಮಾಡಿ ಕೊಟ್ಟುಬಿಡಿ," ಎಂದರು.

"ಒಂದು ಪದ ಕೈಗೆ ಸಿಕ್ತು ಸರ್. ಸಿಗದೇ ಇರೋವು ಎಷ್ಟಿವೆ ಅಂತ ನಂಗಿನ್ನೂ ಗೊತ್ತಿಲ್ಲ," ಎಂದಳು ಸುನ್ನಾ.

ಓದ್ವಾರ್ ತನ್ನ ಜಾಗದಿಂದಲೇ, "ಅದು ನಂಗೆ ಮಾತಿಗೊಂದಲ್ಲ, ಮಾತಿಗೆ ಎರಡು ಪ್ರಶ್ನೆ ಕೇಳ್ಲಿ. ಉತ್ತರ ಗೊತ್ತಿಲ್ದಿದ್ರೆ ನಾನು ರೌನಾಗೆ ಫೋನು ಮಾಡ್ತೀನಿ," ಎಂದ. ರೌನಾ, "ಊಟದ ಹೊತ್ತಲ್ಲಿ ಮಾಡ್ಬೇಡ," ಎಂದಳು. ತೀರ್ಮಾನ ಮುಂದಕ್ಕೆ ಹೋಯಿತು.

ಮಧ್ಯಾಹ್ನ ಸುನ್ನಾ ತನ್ನ ಮೇಜಿಗೆ ಬಂದಾಗ ಅಲ್ಲಿ ಎರಡು ಲೋಟ ಕಾಫಿ ಇತ್ತು. ಒಂದರಲ್ಲಿ ಆ ಊರಿನ ರೂಢಿಯಂತೆ ಗಿಣ್ಣಿನ ತುಂಡು ತೇಲುತ್ತಿತ್ತು. ರೌನಾ ಪಕ್ಕದ ಕೋಣೆಯಿಂದ ತನ್ನ ಕುರ್ಚಿಯನ್ನು ಎಳೆದುಕೊಂಡು ಬರುತ್ತಿದ್ದಳು. ಒಂದು ಗಾಲಿ ಕೆಟ್ಟಿದ್ದರಿಂದ ಅದು ಕಿರ್ರೆನ್ನುತ್ತಿತ್ತು. ಕುರ್ಚಿಯನ್ನು ಸುನ್ನಾಳದಕ್ಕೆ ತಾಗಿಸಿ ಇಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಮೊದಲ ದಿನ ಶಾಲೆಗೆ ಬಂದವಳಂತೆ ಮೊಣಕಾಲು ಜೋಡಿಸಿ ಕೂತಳು.

"ಆ ಗಾಳಿಯೊಳಗಿಂದ ಅದು ಮಾತನ್ನ ಹೇಗೆ ಹೆಕ್ಕಿತು? ನಂಗೆ ಅದು ಅರ್ಥವಾಗ್ಬೇಕು," ಎಂದಳು. "ನಿಧಾನಕ್ಕೆ ಹೇಳು. ನನ್ನ ತಲೆ ಹಳೇದು."

ಸುನ್ನಾ ಗಾಳಿಯ ಕಡತ ತೆರೆದಳು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಮೊದಲಿನಿಂದಲೇ ಶುರು ಮಾಡಿದಳು.